ಪೀಶಕತ್ತಿಗೆ ಕೆಂಪು ಹಿಡಿದರೆ ಸುಣ್ಣ ಸಾಲದು

ಕೇರಳದ ಪಠ್ಯಪುಸ್ತಕ ಸಮಿತಿಗಳ ಮಾನ್ಯರಿಗೆ, ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಪಾಠ ಮಾಡುತ್ತಿರುವ ಅಧ್ಯಾಪಕ ಮಿತ್ರರಿಗೆ,

ನಮಸ್ಕಾರ.

ನಾನು ಎಣ್ಮಕಜೆ ಪಂಚಾಯತಿನವನು. 31 ವರ್ಷ ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದೆ. ಈಗ ತೋಟ ನೋಡಿಕೊಂಡಿದ್ದೇನೆ. ತೋಟ ಅಂದರೆ ದೊಡ್ಡದೇನಲ್ಲ. ಒಂದೂವರೆ ಎಕರೆ ಅಡಿಕೆ, ಮರಕ್ಕೆ ಹಬ್ಬಿಸಿದ ಒಂದಿಷ್ಟು ಕಾಳುಮೆಣಸು, ಹಟ್ಟಿಯಲ್ಲಿ ಒಂದು ದನ. ಮಕ್ಕಳಿಗೆ ಏನು ಕಲಿಸಬೇಕು ಅನ್ನುವ ಬಗ್ಗೆ ನಿಮಗೆ ನಾಲ್ಕು ಮಾತು ಬರೆಯಬೇಕು ಅಂತ ಬಹಳ ದಿನದಿಂದ ಇತ್ತು. ದೂರು ಕೊಡುವುದಿದ್ದರೆ ಮೊದಲ ದೂರು ನನ್ನ ಮೇಲೆಯೇ ಆಗಬೇಕು. ಹಾಗಾಗಿ ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಮಳೆ ಹಿಡಿಯುವ ಮೊದಲು ಅಡಿಕೆಗೆ ಮದ್ದು ಬಿಡಬೇಕು. ಇಲ್ಲದಿದ್ದರೆ ಕೊಳೆರೋಗ ಬಂದು ಎಳೆಕಾಯಿಯೆಲ್ಲ ಮರದ ಬುಡದಲ್ಲಿರುತ್ತದೆ. ಕಳೆದ ಸಲ ನಮ್ಮ ತೋಟಕ್ಕೆ ಮದ್ದು ಬಿಡಲು ಬಂದವನು ನನ್ನ ಹಳೆಯ ವಿದ್ಯಾರ್ಥಿ. ಹೆಸರು ಬೇಡ. ಹತ್ತನೇ ತರಗತಿಯಲ್ಲಿ ಫೈಲಾಗಿ ಶಾಲೆ ಬಿಟ್ಟವನು. ಈಗ ಅವನಿಗೆ ನಲವತ್ತು ದಾಟಿದೆ, ಈ ಭಾಗದಲ್ಲಿ ಅವನಷ್ಟು ಚೆನ್ನಾಗಿ ಮರ ಹತ್ತುವವರು ಕಡಿಮೆ.

ಅಂಗಳದಲ್ಲಿ ಎರಡು ಪ್ಲಾಸ್ಟಿಕ್ ಡ್ರಮ್ ಇಟ್ಟುಕೊಂಡ. ಒಂದರಲ್ಲಿ ಒಂದು ಕಿಲೋ ಮೈಲುತುತ್ತು, 50 ಲೀಟರ್ ನೀರು. ಇನ್ನೊಂದರಲ್ಲಿ ಒಂದು ಕಿಲೋ ಸುಣ್ಣ, 50 ಲೀಟರ್ ನೀರು. ಸುಣ್ಣದ ನೀರಿಗೆ ಮೈಲುತುತ್ತಿನ ನೀರನ್ನು ನಿಧಾನಕ್ಕೆ ಹೊಯ್ಯುತ್ತ ಕೋಲಿನಿಂದ ಕಲಕಿದ. ಬೋರ್ಡೋ ದ್ರಾವಣ ತಯಾರು, ಒಳ್ಳೆ ತಿಳಿ ನೀಲಿ. ಆಮೇಲೆ ಸೊಂಟದಿಂದ ಪೀಶಕತ್ತಿ (ಸಣ್ಣ ಚೂರಿ) ತೆಗೆದ. ಅಲಗನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿ ದ್ರಾವಣದಲ್ಲಿ ಅದ್ದಿ ಹಿಡಿದ. ಒಂದು ವೀಳ್ಯ ಹಾಕುವಷ್ಟು ಹೊತ್ತು ಹಾಗೇ ನಿಂತ. ಹೊರಗೆ ತೆಗೆದಾಗ ಅಲಗಿನ ಮೇಲೆ ತೆಳ್ಳಗೆ ಕೆಂಪು.

"ಮಾಷ್ಟ್ರೇ, ಕೆಂಪು ಹಿಡಿದಿದೆ. ಸುಣ್ಣ ಸಾಲದು. ಹೀಗೇ ಬಿಟ್ರೆ ಎಳೆಕಾಯಿ ಸುಟ್ಟು ಹೋಗ್ತದೆ" ಅಂದ.

ಇನ್ನಷ್ಟು ಸುಣ್ಣದ ನೀರು ಸೇರಿಸಿದ. ಕತ್ತಿಯನ್ನು ಮತ್ತೆ ಉಜ್ಜಿ ಮತ್ತೆ ಅದ್ದಿದ. ಈ ಸಲ ಅಲಗು ಬೆಳ್ಳಗೇ ಬಂತು. ಪಂಪಿನ ಪೈಪು ಹೆಗಲಿಗೆ ಹಾಕಿಕೊಂಡ.

ನಾನು ಮಾತ್ರ ಜಗಲಿಯಲ್ಲಿ ನಿಂತಲ್ಲೇ ನಿಂತೆ. ಯಾಕಂದರೆ ಇದೇ ಹುಡುಗನನ್ನು ಒಂದು ದಿನ ತರಗತಿಯಲ್ಲಿ ಎಬ್ಬಿಸಿ ನಿಲ್ಲಿಸಿದ್ದೆ. "ತಾಮ್ರದ ಸಲ್ಫೇಟಿನ ದ್ರಾವಣದಲ್ಲಿ ಕಬ್ಬಿಣದ ಮೊಳೆ ಹಾಕಿದರೆ ಏನಾಗುತ್ತದೆ?" ಅವನು ಬಾಯಿ ಬಿಡಲಿಲ್ಲ. ಒಂದು ವಾರ ರಜೆ ಹಾಕಿ ಅಪ್ಪನ ಜೊತೆ ಮದ್ದು ಬಿಡಲು ಹೋಗಿದ್ದ ಅಂತ ಗೊತ್ತಾಯಿತು. "ಮದ್ದು ಬಿಡ್ಲಿಕ್ಕೆ ಹೋಗುವವನಿಗೆ ಕೆಮಿಸ್ಟ್ರಿ ಎಂತಕ್ಕೆ?" ಅಂದೆ. ಇಡೀ ತರಗತಿ ನಕ್ಕಿತು. ಉತ್ತರವನ್ನು ಹತ್ತು ಸಲ ಬರೆಸಿದೆ ಕೂಡ.

ಮೈಲುತುತ್ತು ಅಂದರೆ ತಾಮ್ರದ ಸಲ್ಫೇಟು. ಪೀಶಕತ್ತಿ ಅಂದರೆ ಕಬ್ಬಿಣ. ಸುಣ್ಣ ಕಡಿಮೆಯಾದರೆ ತಾಮ್ರ ನೀರಿನಲ್ಲಿ ಕರಗಿಯೇ ಉಳಿಯುತ್ತದೆ. ಕಬ್ಬಿಣ ಸಿಕ್ಕಿದ ಕೂಡಲೇ ಅದರ ಮೇಲೆ ಬಂದು ಕೂರುತ್ತದೆ, ಕಬ್ಬಿಣ ಅದರ ಜಾಗಕ್ಕೆ ನೀರಿಗಿಳಿಯುತ್ತದೆ. ಸ್ಥಾನಪಲ್ಲಟ ಕ್ರಿಯೆ ಅನ್ನುವುದು ಇದೇ. ಆ ಹುಡುಗ ವಾರವಿಡೀ ಅದನ್ನೇ ಮಾಡಿ ಬಂದಿದ್ದ. ನಾನು ಕೇಳಿದ ಪ್ರಶ್ನೆಗೆ ಉತ್ತರ ಅವನ ಸೊಂಟದಲ್ಲಿತ್ತು.

ಸಂಜೆ ಚಾ ಕುಡಿಯುವಾಗ ಅವನಿಗೆ ಹೇಳಿದೆ. "ಅದು ಇದೇಯಾ?" ಅಂತ ಜೋರಾಗಿ ನಕ್ಕ. "ಆಗ ಹೇಳಿದ್ರೆ ನಾನೂ ಪಾಸಾಗ್ತಿದ್ದೆ ಅಲ್ವಾ ಮಾಷ್ಟ್ರೇ." ಅವನಿಗೆ ಅದು ತಮಾಷೆ. ನನಗೆ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಇದರಲ್ಲಿ ಇನ್ನೊಂದು ವಿಷಯ ಉಂಟು. ನನ್ನ ಅಪ್ಪನೂ ಕತ್ತಿ ಅದ್ದುತ್ತಿದ್ದರು. ಚಿಕ್ಕಂದಿನಿಂದ ನೋಡಿದವನು ನಾನು. ಬಿಎಸ್ಸಿ, ಬಿಎಡ್ ಮಾಡಿದೆ, 31 ವರ್ಷ ಮೊಳೆಯ ಪಾಠ ಮಾಡಿದೆ. ಒಂದು ಸಲವೂ ಆ ಕತ್ತಿ, ಈ ಮೊಳೆ ಎರಡೂ ಒಂದೇ ಅಂತ ತಲೆಗೆ ಹೋಗಲಿಲ್ಲ. ಶಾಲೆಯದ್ದನ್ನು ಒಂದು ಅಟ್ಟದಲ್ಲಿ, ಮನೆಯದ್ದನ್ನು ಇನ್ನೊಂದು ಅಟ್ಟದಲ್ಲಿ ಇಟ್ಟಿದ್ದೆ. ಏಣಿ ಎರಡಕ್ಕೂ ಇತ್ತು. ನಡುವೆ ಬಾಗಿಲು ಇರಲಿಲ್ಲ.

ಮಾನ್ಯರೇ, ಮಕ್ಕಳು ಏನು ಕಲಿಯಬೇಕು ಅನ್ನುವ ಚರ್ಚೆ ಬಂದಾಗಲೆಲ್ಲ ನಾವು ಏನನ್ನಾದರೂ ಹೊಸದಾಗಿ ಸೇರಿಸುತ್ತೇವೆ. 2022ರಲ್ಲಿ ಹೊಸ ಪಠ್ಯಕ್ರಮ ಚೌಕಟ್ಟಿಗಾಗಿ ನೀವು ಊರೂರಲ್ಲಿ ಚರ್ಚೆ ಮಾಡಿಸಿದಿರಿ, ತರಗತಿಯೊಳಗೆ ಮಕ್ಕಳನ್ನೂ ಕೇಳಿದಿರಿ. ಒಳ್ಳೆಯ ಕೆಲಸ. 2024ರಲ್ಲಿ ಮತ್ತು 2025ರಲ್ಲಿ ಹೊಸ ಪುಸ್ತಕಗಳು ಬಂದವು. ಏಳನೆಯವರ ಐಸಿಟಿ (ಮಾಹಿತಿ ತಂತ್ರಜ್ಞಾನ) ಪುಸ್ತಕದಲ್ಲಿ ಕೃತಕ ಬುದ್ಧಿಮತ್ತೆ, ಹತ್ತನೆಯವರಿಗೆ ರೋಬೊಟಿಕ್ಸ್. ಎಂಟನೇ ತರಗತಿಯಿಂದ ಲಿಖಿತ ಪರೀಕ್ಷೆಯಲ್ಲಿ ಶೇಕಡಾ 30 ಅಂಕ ಬರಲೇಬೇಕು ಅನ್ನುವ ನಿಯಮ ಬಂತು. ಇದ್ಯಾವುದಕ್ಕೂ ನನ್ನ ವಿರೋಧ ಇಲ್ಲ. ಮುದುಕ ಮಾಷ್ಟ್ರು ಕಂಪ್ಯೂಟರು ಬೇಡ ಅನ್ನುತ್ತಿದ್ದಾನೆ ಅಂತ ದಯವಿಟ್ಟು ಓದಿಕೊಳ್ಳಬೇಡಿ. ಹೊಸದು ಬರಲಿ. ಅದನ್ನೂ ಮೂರನೆಯ ಅಟ್ಟದಲ್ಲಿ ಇಟ್ಟುಬಿಡುತ್ತೇವೋ ಅನ್ನುವುದಷ್ಟೇ ನನ್ನ ಹೆದರಿಕೆ.

ನಮ್ಮ ನೆರೆಮನೆಯ ಹುಡುಗಿ ಒಂಬತ್ತನೆಯಲ್ಲಿದ್ದಾಳೆ. ಶಾಲೆಯ ಲಿಟ್ಲ್ ಕೈಟ್ಸ್ ಎಂಬ ಐಟಿ ಕ್ಲಬ್ಬಿನಲ್ಲಿ ಆರ್ಡುಯಿನೊ ಅನ್ನುವ ಎಲೆಕ್ಟ್ರಾನಿಕ್ಸ್ ಕಿಟ್ ಹಿಡಿದು ಏನೇನೋ ಮಾಡುತ್ತಾಳೆ. ಕೈ ಅಡ್ಡ ಹಿಡಿದರೆ ದೀಪ ಹೊತ್ತುವ ಒಂದು ಮಾದರಿ ತಂದು ತೋರಿಸಿದಳು. ಚೆನ್ನಾಗಿತ್ತು. ನಾನು ಸುಮ್ನೆ ಕೇಳಿದೆ, "ನಮ್ಮ ಸುರಂಗದ ತೊಟ್ಟಿ ತುಂಬಿದಾಗ ಬೆಲ್ ಹೊಡೆಯುವ ಹಾಗೆ ಮಾಡಬಹುದಾ?" ಅವಳು ಸ್ವಲ್ಪ ಯೋಚಿಸಿ ತಿರುಗಿ ಕೇಳಿದಳು, "ಸುರಂಗದ ನೀರು ನಿಮಿಷಕ್ಕೆ ಎಷ್ಟು ಬರ್ತದೆ ಮಾಷ್ಟ್ರಜ್ಜಾ?"

ನನಗೆ ಗೊತ್ತಿರಲಿಲ್ಲ. ಹುಟ್ಟಿದಂದಿನಿಂದ ಕುಡಿದ ನೀರು.

ತಿರುವನಂತಪುರದಲ್ಲಿ ಕೂತು ಓದುವವರಿಗೆ ಸುರಂಗ ಅಂದರೆ ರೈಲು ಹೋಗುವುದು ನೆನಪಾಗಬಹುದು. ನಮ್ಮಲ್ಲಿ ಸುರಂಗ ಅಂದರೆ ನೀರು. ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದು ಮಾಡಿದ ಬಾವಿ. ಎಣ್ಮಕಜೆ, ಬಾಯಾರು, ಪೈವಳಿಕೆ ಕಡೆಗಳಲ್ಲಿ ಮನೆಮನೆಗೂ ಎಂಬಂತೆ ಉಂಟು. ಒಬ್ಬ ಮನುಷ್ಯ ಹೋಗುವಷ್ಟೇ ಅಗಲ. ನೆಲ ಒಳಗಿನಿಂದ ಹೊರಗೆ ಒಂಚೂರು ಇಳಿಜಾರು, ಹಾಗಾಗಿ ಪಂಪು ಬೇಡ, ಕರೆಂಟು ಬೇಡ. ನೀರು ತಾನಾಗಿ ಹರಿದು ಬರುತ್ತದೆ. ಮೊದಲು ಅಡಿಕೆ ಮರ ಸೀಳಿದ ದಂಬೆಯಲ್ಲಿ ತೊಟ್ಟಿಗೆ ಬರುತ್ತಿತ್ತು, ಈಗ ಪಿವಿಸಿ ಪೈಪಿನಲ್ಲಿ. ತೋಡುವವರು ಮೇಣದಬತ್ತಿ ಹಚ್ಚಿಕೊಂಡು ಒಳಗೆ ಹೋಗುತ್ತಿದ್ದರು. ಬತ್ತಿ ಸಣ್ಣಗಾದರೆ ಉಸಿರಾಡುವ ಗಾಳಿ ಕಮ್ಮಿ ಅಂತ ತಿಳಿದು ಹಿಂದೆ ಬರುತ್ತಿದ್ದರು. ಯಾವ ಕಲ್ಲಿನ ಕೆಳಗೆ ನೀರು, ಎಲ್ಲಿ ತಿರುಗಿಸಬೇಕು, ಗಾಳಿಗೆ ಕಿಂಡಿ ಎಲ್ಲಿ, ಎಲ್ಲ ಅವರಿಗೆ ಗೊತ್ತಿತ್ತು. ಭೌತಶಾಸ್ತ್ರ, ರಸಾಯನಶಾಸ್ತ್ರ, ಭೂಗೋಳ ಮೂರೂ ಒಂದೇ ಗುಂಡಿಯಲ್ಲಿ. ಹಾಗೆ ತೋಡಬಲ್ಲವರು ಈಗ ಕೈಬೆರಳಲ್ಲಿ ಎಣಿಸುವಷ್ಟು, ಅವರಿಗೂ ವಯಸ್ಸಾಗಿದೆ.

ಇರಲಿ, ಹುಡುಗಿಯ ಕತೆಗೆ ಬರುತ್ತೇನೆ. ಫೆಬ್ರವರಿಯ ಮೊದಲ ಆದಿತ್ಯವಾರ ಹತ್ತು ಲೀಟರಿನ ಬಕೆಟ್ ಇಟ್ಟು ಮೊಬೈಲಿನಲ್ಲಿ ಸಮಯ ನೋಡಿದೆವು. 48 ಸೆಕೆಂಡಿನಲ್ಲಿ ತುಂಬಿತು. ನಿಮಿಷಕ್ಕೆ ಹನ್ನೆರಡೂವರೆ ಲೀಟರು. ದಿನಕ್ಕೆ 18,000 ಲೀಟರು ಅಂತ ಅವಳೇ ಲೆಕ್ಕ ಹಾಕಿ ಕಣ್ಣರಳಿಸಿದಳು. ಪ್ರತಿ ಆದಿತ್ಯವಾರ ಬಂದು ಅಳೆದಳು. ಏಪ್ರಿಲಿನ ಮೊದಲ ಆದಿತ್ಯವಾರ ಅದೇ ಬಕೆಟ್ ತುಂಬಲು 72 ಸೆಕೆಂಡು. ದಿನಕ್ಕೆ 12,000. ಎರಡು ತಿಂಗಳಲ್ಲಿ ದಿನದ ನೀರಿನಲ್ಲಿ 6,000 ಲೀಟರು ಖೋತಾ.

ಆಗ ಅವಳು ಕೇಳಿದ ಪ್ರಶ್ನೆ, "ಇದು ಬೇಸಿಗೆಗೆ ಮಾತ್ರವಾ, ಮೇಲಿನವರ ಬೋರು ಕೂಡ ಕಾರಣವಾ?" ಉತ್ತರ ಯಾವ ಪುಸ್ತಕದಲ್ಲೂ ಇಲ್ಲ, ನನ್ನ ಹತ್ತಿರವೂ ಇಲ್ಲ. ಅವಳು ಸುತ್ತಲಿನ ಮನೆಗಳಿಗೆ ಹೋಗಿ ಕೊಳವೆಬಾವಿ ಯಾವ ವರ್ಷ ಹೊಡೆಸಿದ್ದು, ಎಷ್ಟು ಅಡಿ ಅಂತ ಬರೆದುಕೊಳ್ಳಲು ಶುರು ಮಾಡಿದಳು. ಒಬ್ಬರು "ನಿನ್ನನ್ನು ಯಾರು ಕಳಿಸಿದ್ದು, ಪಂಚಾಯತಿನವರಾ?" ಅಂತ ಗದರಿಸಿ ಕಳಿಸಿದರಂತೆ. ಬೆಲ್ ಹೊಡೆಯುವ ಯಂತ್ರ ಇನ್ನೂ ಆಗಿಲ್ಲ. ನನಗೆ ಅದರ ಅವಸರವೂ ಇಲ್ಲ.

ಇಂಥ ಲೆಕ್ಕ ನಮ್ಮಲ್ಲಿ ಬೇಕಾದಷ್ಟು ಉಂಟು. ಕಾಸರಗೋಡಿಗೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. 100 ಚದರ ಮೀಟರಿನ ಮಾಡಿನ ಮೇಲೆ ಬೀಳುವ ನೀರು ಮೂರೂವರೆ ಲಕ್ಷ ಲೀಟರು. ಐದು ಜನರ ಮನೆಗೆ ದಿನಕ್ಕೆ 500 ಲೀಟರು ಅಂತ ಹಿಡಿದರೆ 700 ದಿನಕ್ಕೆ ಸಾಕು. ಕೇರಳದ 44 ನದಿಗಳಲ್ಲಿ 12 ಈ ಜಿಲ್ಲೆಯವು. ಆದರೂ ಏಪ್ರಿಲಿನಲ್ಲಿ ಗುಡ್ಡದ ಮೇಲಿನ ಮನೆಗಳಿಗೆ ಟ್ಯಾಂಕರಿನಲ್ಲಿ ನೀರು ಬರುತ್ತದೆ. ಯಾಕೆ ಅಂತ ಒಂದು ಮಗುವಾದರೂ ಪರೀಕ್ಷೆಯಲ್ಲಿ ಬರೆದದ್ದು ನಾನು ನೋಡಿಲ್ಲ. ನಾವು ಕೇಳಿದರಲ್ಲವೇ ಬರೆಯುವುದು.

ಈಗ ಹೇಳುವುದು ಸ್ವಲ್ಪ ಕಷ್ಟದ ಮಾತು. 1990ರ ದಶಕದಲ್ಲಿ ನಮ್ಮ ಗುಡ್ಡಗಳ ಗೇರುತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಹೊಡೆಯುತ್ತಿದ್ದರು. ಅದು ಶುರುವಾದದ್ದು 1970ರ ದಶಕದ ಕೊನೆಗೆ, ನಿಂತದ್ದು 2000ದಲ್ಲಿ. ಹೆಲಿಕಾಪ್ಟರಿನ ಸದ್ದು ಕೇಳಿದ ಕೂಡಲೇ ಮಕ್ಕಳು ಕಿಟಕಿಗೆ ಹೋಗುತ್ತಿದ್ದರು. ನಾವು ಅಧ್ಯಾಪಕರೇ "ಹೋಗಿ ನೋಡಿ ಬನ್ನಿ" ಅಂತ ಅಂಗಳಕ್ಕೆ ಬಿಟ್ಟೆವು. ನಾನೂ ಹೋಗಿ ಮಕ್ಕಳ ಜೊತೆ ಮೇಲೆ ನೋಡಿದೆ. ವಿಜ್ಞಾನದ ಅಧ್ಯಾಪಕ. ಅದು ಏನು, ಯಾಕೆ, ಎಷ್ಟು ಅಂತ ಒಂದು ಪ್ರಶ್ನೆ ಕೇಳಲಿಲ್ಲ.

ಕೇಳಿದವರು ಬೇರೆಯವರು. ವಾಣಿನಗರದ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮ ಸಣ್ಣ ಕ್ಲಿನಿಕ್ಕಿಗೆ ಬರುವ ರೋಗಿಗಳ ವಿವರ ಬರೆದಿಟ್ಟುಕೊಂಡು, ಇಷ್ಟೇ ಜಾಗದಲ್ಲಿ ಇಷ್ಟೊಂದು ಕಾಯಿಲೆ ಯಾಕೆ ಅಂತ ಕೇಳಿದರು. ಪಡ್ರೆಯ ಪತ್ರಕರ್ತ ಶ್ರೀಪಡ್ರೆ ಬರೆದರು. ಪೆರಿಯದಲ್ಲಿ ಕೃಷಿ ಇಲಾಖೆಯಲ್ಲಿದ್ದ ಲೀಲಾಕುಮಾರಿಯಮ್ಮ ಮೊದಲು ಅರ್ಜಿ ಕೊಟ್ಟರು, ಆಗಲಿಲ್ಲ ಅಂದಾಗ ಕೋರ್ಟಿಗೆ ಹೋಗಿ 1998ರಲ್ಲಿ ಆಕಾಶದಿಂದ ಹೊಡೆಯುವುದಕ್ಕೆ ತಡೆ ತಂದರು. 2011ರಲ್ಲಿ ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ಎಂಡೋಸಲ್ಫಾನನ್ನು ನಿಲ್ಲಿಸಿತು. ಅವರು ಮಾಡಿದ್ದನ್ನು ಗಮನಿಸಿ ನೋಡಿ. ಎಣಿಸಿದರು, ಬರೆದಿಟ್ಟರು, ಹೋಲಿಸಿದರು, ಅರ್ಜಿ ಬರೆದರು, ಉತ್ತರ ಬಾರದಿದ್ದಾಗ ಮತ್ತೆ ಬರೆದರು. ಇದರಲ್ಲಿ ಹತ್ತನೇ ತರಗತಿಯ ಮಗುವಿಗೆ ಕಲಿಸಲಾಗದ್ದು ಯಾವುದು?

ಇವತ್ತಿಗೂ ನಮ್ಮ ಮನೆಗಳಲ್ಲಿ ಮದ್ದಿನ ಬಾಟ್ಲಿಗಳಿವೆ. ಲೇಬಲಿನ ಮೇಲೆ ಮೂಲೆಯ ಮೇಲೆ ನಿಲ್ಲಿಸಿದ ಹಾಗೆ ಒಂದು ಬಣ್ಣದ ಚೌಕ ಇರುತ್ತದೆ. ಕೆಂಪು ಎಂದರೆ ಅತಿ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಅಂಗಡಿಯಿಂದ ಅದನ್ನು ತರುವುದು ಬಹಳ ಸಲ ಮಕ್ಕಳೇ. ಆ ಬಣ್ಣದ ಅರ್ಥ ಗೊತ್ತಿರುವ ಮಗು ನಮ್ಮ ತರಗತಿಯಲ್ಲಿ ಎಷ್ಟಿದೆ ಅಂತ ನಾಳೆಯೇ ಕೇಳಿ ನೋಡಿ, ಅಧ್ಯಾಪಕ ಮಿತ್ರರೇ.

ಭಾಷೆಯ ಬಗ್ಗೆ ಹೇಳದಿದ್ದರೆ ಗಡಿನಾಡಿನ ಪತ್ರ ಆಗುವುದಿಲ್ಲ. 1956ರ ನವೆಂಬರ್ 1ರಿಂದ ನಾವು ಕೇರಳದಲ್ಲಿದ್ದೇವೆ. ಆ ಹಳೆಯ ಜಗಳಕ್ಕೆ ನಾನು ಹೋಗುವುದಿಲ್ಲ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸೌಕರ್ಯ ಇರಬೇಕು ಅಂತ ಸಂವಿಧಾನದ 350ಎ ವಿಧಿ ಹೇಳುತ್ತದೆ. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮದ ತರಗತಿಗೆ ಕಳಿಸುವುದು ಆ ಮಾತಿಗೆ ತಕ್ಕುದಲ್ಲ, ಇದನ್ನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ. ಅದರ ಜೊತೆಗೇ ನಮ್ಮವರಿಗೂ ಒಂದು ಮಾತು. ಮಲಯಾಳ ಕಲಿತರೆ ಕನ್ನಡ ಹೋಗುತ್ತದೆ ಅಂತ ಹೆದರಿಸಿ ಹೆದರಿಸಿ, ಬಸ್ಸಿನ ಬೋರ್ಡು ಓದಲಾಗದ ಮಕ್ಕಳನ್ನು ನಾವೂ ಬೆಳೆಸಿದ್ದೇವೆ. ವಿಲೇಜ್ ಆಫೀಸಿನಲ್ಲಿ ಕನ್ನಡದಲ್ಲೇ ಅರ್ಜಿ ಕೊಡುವ ಹಕ್ಕು ನಮಗುಂಟು. ಆ ಹಕ್ಕು ಕೇಳಲಿಕ್ಕೂ ಎದುರು ಕೂತವರ ಭಾಷೆ ಎರಡು ಮಾತು ಬರಬೇಕು ಅಲ್ವಾ? ಕನ್ನಡ ಸಮ್ಮೇಳನದ ಮೆರವಣಿಗೆಯಲ್ಲಿ ಮುಂದೆ ನಡೆದು, ಮಾರನೆಯ ದಿನ ಮೊಮ್ಮಗನನ್ನು ಇಂಗ್ಲಿಷ್ ಮೀಡಿಯಂ ಬಸ್ಸಿಗೆ ಹತ್ತಿಸುವವರ ವಿಷಯ ನಾನು ಎತ್ತುವುದಿಲ್ಲ. ಅದರಲ್ಲಿ ನನ್ನ ನೆಂಟರೂ ಇದ್ದಾರೆ.

ಮಂಜೇಶ್ವರದ ಗೋವಿಂದ ಪೈಗಳಿಗೆ ಎಷ್ಟೊಂದು ಭಾಷೆ ಬರುತ್ತಿತ್ತು! ಅವರ ಕನ್ನಡಕ್ಕೆ ಅದರಿಂದ ಏನೂ ಕೊರತೆಯಾಗಲಿಲ್ಲ. ಪೆರಡಾಲದ ಕಯ್ಯಾರ ಕಿಞ್ಞಣ್ಣ ರೈಗಳು ಅಧ್ಯಾಪಕರೂ ಹೌದು, ಕೃಷಿಕರೂ ಹೌದು, ಕವಿಯೂ ಹೌದು. ಅವರಿಗೆ ಅಟ್ಟ ಒಂದೇ ಇತ್ತೋ ಏನೋ. ನಮ್ಮ ಮಗು ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ ಕೇಳಿ ಬೆಳೆಯುತ್ತದೆ. ಅದನ್ನು ಗಂಟಲಿಗೆ ಸಿಕ್ಕಿದ ಮುಳ್ಳು ಅಂತ ನೋಡುವ ಬದಲು, ಒಂದೇ ವಸ್ತುವಿಗೆ ಮೂರು ಹೆಸರು ಬರೆದುಕೊಳ್ಳುವ ಒಂದು ಪುಟ್ಟ ಕೆಲಸ ಐದನೇ ತರಗತಿಯಿಂದಲೇ ಕೊಟ್ಟರೆ ಸಾಕು. "ದ್ರವ್ಯರಾಶಿ ಅಂದ್ರೆ ದುಡ್ಡಿನ ರಾಶಿಯಾ ಸರ್?" ಅಂತ ಎಂಟನೆಯ ಹುಡುಗನೊಬ್ಬ ಕೇಳಿದ್ದು ಈಗಲೂ ನೆನಪಿದೆ. ಅವನು ಕೇಳಿದ್ದರಲ್ಲಿ ತಪ್ಪಿರಲಿಲ್ಲ.

ಹಾಗಾದರೆ ನಾನು ಕೇಳುವುದು ಏನು? ಹೊಸ ವಿಷಯ ಬೇಡ, ಹೊಸ ಪುಸ್ತಕವೂ ಬೇಡ. ನಮ್ಮ ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ 20 ಅಂಕ ನಿರಂತರ ಮೌಲ್ಯಮಾಪನದ್ದು. ನಾವು ಅದನ್ನು ಸಿಇ ಅಂಕ ಅನ್ನುತ್ತೇವೆ. ಇದನ್ನು ತಂದವರ ಉದ್ದೇಶ ಚೆನ್ನಾಗಿತ್ತು. ಆಮೇಲೆ ಏನಾಯಿತು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಮಗು ಡಿಟಿಪಿ ಅಂಗಡಿಗೆ ಹೋಗುತ್ತದೆ, ಅಂಗಡಿಯವನು ಕಳೆದ ವರ್ಷದ ಪ್ರಾಜೆಕ್ಟಿನಲ್ಲಿ ಹೆಸರು ಬದಲಿಸಿ ಪ್ರಿಂಟು ಕೊಡುತ್ತಾನೆ, ಸ್ಪೈರಲ್ ಬೈಂಡಿಂಗಿಗೆ ಬೇರೆ ದುಡ್ಡು. ನಾನು ಕಣ್ಣು ಮುಚ್ಚಿ ಹೆಚ್ಚುಕಡಿಮೆ ಪೂರ್ತಿ ಅಂಕ ಹಾಕಿದ್ದೇನೆ. ಯಾರಿಗೂ ಕಡಿಮೆ ಹಾಕುವ ಧೈರ್ಯ ನನಗಿರಲಿಲ್ಲ.

ಆ 20 ಅಂಕವನ್ನು ಮಗುವಿನ ಮನೆಯ ಸುತ್ತಲಿನ ಒಂದು ಪ್ರಶ್ನೆಗೆ ಬಿಟ್ಟುಕೊಡಿ. ಪ್ರಶ್ನೆ ಮಗುವಿನದ್ದೇ ಆಗಿರಲಿ. ಕೈಬರಹದಲ್ಲಿ ಬರೆಯಲಿ, ತುಳು ಶಬ್ದ ಬಂದರೆ ಬರಲಿ. ವರ್ಷವಿಡೀ ಅಳೆದದ್ದು, ಎಣಿಸಿದ್ದು, ಕೇಳಿದ್ದು ಅದರಲ್ಲಿರಲಿ. ಉತ್ತರ ಸಿಗದಿದ್ದರೆ ಸಿಗಲಿಲ್ಲ ಅಂತಲೇ ಬರೆಯಲಿ, ಅದಕ್ಕೂ ಅಂಕ ಇರಲಿ. ಕೊನೆಗೆ ಮಗು ತನ್ನ ಪುಸ್ತಕ ಹಿಡಿದು ಮಾತಾಡುವಾಗ ಅಧ್ಯಾಪಕರ ಪಕ್ಕದ ಕುರ್ಚಿಯಲ್ಲಿ ಊರಿನ ಒಬ್ಬರನ್ನು ಕೂರಿಸಿ. ಸುರಂಗ ತೋಡಿದವರು, ಯೇತಡ್ಕದಲ್ಲಿ ಹೊಳೆಗೆ ಕಟ್ಟ (ನೀರು ನಿಲ್ಲಿಸುವ ತಾತ್ಕಾಲಿಕ ಒಡ್ಡು) ಕಟ್ಟಿದವರು, ಆಶಾ ಕಾರ್ಯಕರ್ತೆ, ಮದ್ದು ಬಿಡುವವನು. ಅವರು ಕೇಳುವ ಪ್ರಶ್ನೆಗೆ ಗೈಡಿನಲ್ಲಿ ಉತ್ತರ ಇರುವುದಿಲ್ಲ. ನಮ್ಮ ಕಾಸರಗೋಡಿನಲ್ಲೇ 1916ರಲ್ಲಿ ಶುರುವಾದ ತೆಂಗು ಸಂಶೋಧನೆಯ ಕೇಂದ್ರ ಇವತ್ತು ದೊಡ್ಡ ಸಂಸ್ಥೆಯಾಗಿ ಹೆದ್ದಾರಿ ಬದಿಯಲ್ಲೇ ಉಂಟು. ನನ್ನ 31 ವರ್ಷದಲ್ಲಿ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದದ್ದು ಎರಡೇ ಸಲ. ಟೂರಿಗೆ ಮಾತ್ರ ಪ್ರತಿ ವರ್ಷ ಮೈಸೂರು.

ಇದನ್ನು ಸ್ಟಾಫ್ ರೂಮಿನಲ್ಲಿ ಹೇಳಿದಾಗ ಒಬ್ಬ ಕಿರಿಯ ಟೀಚರ್ ಕೇಳಿದರು, "ಸರ್, ತೋಟದ ಮಕ್ಕಳನ್ನು ತೋಟದಲ್ಲೇ ಕಟ್ಟಿ ಹಾಕುವುದಾ? ಅವರು ಬೆಂಗಳೂರಿಗೋ ದುಬೈಗೋ ಹೋಗುವುದು ಬೇಡ್ವಾ?" ಒಳ್ಳೆ ಪ್ರಶ್ನೆ. ಹೋಗಲಿ, ಖಂಡಿತ ಹೋಗಲಿ. ಬೋರ್ಡೋ ದ್ರಾವಣ ಏನು ಎಣ್ಮಕಜೆಯಲ್ಲಿ ಹುಟ್ಟಿದ್ದಾ? ಅದು ಫ್ರಾನ್ಸಿನ ದ್ರಾಕ್ಷಿ ತೋಟದ್ದು, 1880ರ ದಶಕದ್ದು. ನಮ್ಮ ಅಡಿಕೆಯ ಕೊಳೆರೋಗಕ್ಕೆ ಅದನ್ನು ಬಳಸಬಹುದು ಅಂತ ತೋರಿಸಿಕೊಟ್ಟವರಲ್ಲಿ ಮುಖ್ಯರು ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್, ಅದು 1910ರ ಆಸುಪಾಸು. ಪೀಶಕತ್ತಿಯನ್ನು ನೆಟ್ಟಗೆ ಅರ್ಥ ಮಾಡಿಕೊಂಡ ಹುಡುಗನಿಗೆ ಫ್ರಾನ್ಸಿನ ದ್ರಾಕ್ಷಿಯೂ ಅರ್ಥವಾಗುತ್ತದೆ, ಬ್ಯಾಟರಿ ಫ್ಯಾಕ್ಟರಿಯೂ ಅರ್ಥವಾಗುತ್ತದೆ. ಬಾಯಿಪಾಠ ಮಾಡಿದವನು ಪರೀಕ್ಷೆ ಮುಗಿದ ಸಂಜೆಯೇ ಮರೆಯುತ್ತಾನೆ. 31 ವರ್ಷ ನೋಡಿದ್ದೇನೆ.

ಅಧ್ಯಾಪಕರಿಗೆ ಕೆಲಸ ಜಾಸ್ತಿಯಾಗುತ್ತದೆ ಅನ್ನುವುದು ನಿಜ. ಅದಕ್ಕೆ ಸುಲಭದ ಉತ್ತರ ನನ್ನ ಹತ್ತಿರ ಇಲ್ಲ. ಎಲ್ಲ ಶಾಲೆಯಲ್ಲಿ ಒಟ್ಟಿಗೆ ಬೇಡ. ಬರುವ ಜೂನಿನಲ್ಲಿ ಗಡಿಭಾಗದ ನಾಲ್ಕೈದು ಕನ್ನಡ ಮಾಧ್ಯಮ ಶಾಲೆಗಳಲ್ಲಿ ಒಂದು ತರಗತಿಗೆ ಮಾತ್ರ ಮಾಡಿ ನೋಡೋಣ. ನಾನು ಸಂಬಳ ಇಲ್ಲದೆ ಬರುತ್ತೇನೆ, ನನ್ನ ಹಾಗೆ ನಿವೃತ್ತರಾಗಿ ಜಗಲಿಯಲ್ಲಿ ಪೇಪರು ಓದುತ್ತ ಕೂತವರು ಇನ್ನೂ ಇದ್ದಾರೆ. ಮದ್ದು ಬಿಡುವ ನನ್ನ ಶಿಷ್ಯನನ್ನೂ ಕೇಳಿದೆ. "ಕುರ್ಚಿಯಲ್ಲಿ ಕೂತು ಪ್ರಶ್ನೆ ಕೇಳ್ಲಿಕ್ಕಾ? ಬರ್ತೇನೆ. ಆದ್ರೆ ಮಳೆಗಾಲದಲ್ಲಿ ಆಗ್ಲಿಕ್ಕಿಲ್ಲ ಮಾಷ್ಟ್ರೇ" ಅಂದಿದ್ದಾನೆ.

ಇತಿ,
ಎಣ್ಮಕಜೆಯ ಒಬ್ಬ ನಿವೃತ್ತ ವಿಜ್ಞಾನ ಅಧ್ಯಾಪಕ

ಮರೆತಿದ್ದೆ. ನೆರೆಮನೆಯ ಹುಡುಗಿಯ ನೀರಿನ ಪುಸ್ತಕದ ನಕಲನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ, ಅವಳ ಒಪ್ಪಿಗೆ ಕೇಳಿಯೇ. ಮಾರ್ಚಿನಲ್ಲಿ ಒಂದು ಆದಿತ್ಯವಾರದ ಜಾಗ ಖಾಲಿ ಇದೆ. ಆ ದಿನ ಅವಳಿಗೆ ಜ್ವರ. ನಾನು ಅಳೆದು ಬರೆಯುತ್ತೇನೆ ಅಂದದ್ದಕ್ಕೆ, "ಬೇಡ ಮಾಷ್ಟ್ರಜ್ಜಾ, ನಾನು ನೋಡದ್ದು ಅದರಲ್ಲಿ ಬೇಡ" ಅಂದಳು.